ಕೈ ತೊಳೆಯುವವರ ಕೈ

ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಣ್ಣ, ಥಿನ್ನರ್ ಮುಟ್ಟಿ ಕೆಲಸ ಮಾಡುವವನ ಕೈಗೆ ಇಸಬು ಬಂದರೆ ಅದು ಅವನೊಬ್ಬನ ಪಾಡಾಗಿ ಉಳಿಯುವುದಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್‌ಗಳ ಸಾಲಿನಲ್ಲೇ ರಾಸಾಯನಿಕ ಮತ್ತು ಬಣ್ಣ ಸೋಕಿ ಬರುವ ಚರ್ಮದ ಉರಿಯೂತವನ್ನೂ ಸೇರಿಸಲಾಗಿತ್ತು. ಕಾರ್ಖಾನೆಯ ಮ್ಯಾನೇಜರ್ ಅದನ್ನು ಸರ್ಕಾರಕ್ಕೆ ತಿಳಿಸಬೇಕಿತ್ತು. ಪರೀಕ್ಷಿಸಿದ ವೈದ್ಯರೂ ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರಿಗೆ ಬರೆಯಬೇಕಿತ್ತು. ಈ ನಿಯಮ ಎಷ್ಟು ಪಾಲನೆಯಾಗುತ್ತಿತ್ತು ಎಂಬುದು ಬೇರೆ ಮಾತು, ಕೈಯ ಇಸಬು ಕೆಲಸದ ಗಾಯವೂ ಆಗಬಹುದು ಎಂದು ಕಾನೂನಾದರೂ ಒಪ್ಪಿದೆ. ಅದೇ ಪೀಣ್ಯದಿಂದ ದಾಸರಹಳ್ಳಿ ದಾಟಿ ಹೆಸರಘಟ್ಟ ರಸ್ತೆ ಹಿಡಿದರೆ ಬಾಗಲಗುಂಟೆ, ಚಿಕ್ಕಸಂದ್ರ, ಚಿಕ್ಕಬಾಣಾವರ ಕಳೆದು ಸೋಲದೇವನಹಳ್ಳಿ ಸಿಗುತ್ತದೆ. ಮೆಡಿಕಲ್ ಕಾಲೇಜು ಆಸ್ಪತ್ರೆ, ನರ್ಸಿಂಗ್ ಮತ್ತು ಫಾರ್ಮಸಿ ಕಾಲೇಜು, ಸಣ್ಣ ನರ್ಸಿಂಗ್ ಹೋಂ, ಲ್ಯಾಬು ಎಲ್ಲವೂ ಇರುವ ರಸ್ತೆ ಇದು. ಈ ರಸ್ತೆಯಲ್ಲಿ ನಿತ್ಯ ಓಡಾಡುವ ಸಾವಿರಾರು ಆರೋಗ್ಯ ಸಿಬ್ಬಂದಿಯಲ್ಲಿ ಯಾರ ಬೆರಳ ಸಂದಿಯಾದರೂ ಬಿರಿದು ನವೆ ಹತ್ತಿದರೆ ಅದಕ್ಕೆ ಸಿಗುವ ಹೆಸರುಗಳು ಬೇರೆ: ‘ಉಷ್ಣ ಆಗಿರಬೇಕು’, ‘ಅವಳಿಗೆ ಗ್ಲೌಸ್ ಆಗಿಬರಲ್ಲ’, ‘ಸೂಕ್ಷ್ಮ ಮೈ’. ಎಳನೀರು ಕುಡಿ, ಕೊಬ್ಬರಿ ಎಣ್ಣೆ ಹಚ್ಚು ಎಂಬ ಸಲಹೆಗೆ ಪ್ರಕರಣ ಮುಗಿಯುತ್ತದೆ.

ಒಂದೇ ಬಗೆಯ ಗಾಯ ಕಾರ್ಖಾನೆಯಲ್ಲಿ ಕೆಲಸದ ಫಲ, ಆಸ್ಪತ್ರೆಯಲ್ಲಿ ಮೈಯ ದೋಷ ಎನಿಸಿಕೊಳ್ಳುವುದು ಹೇಗೆ? ಆಸ್ಪತ್ರೆ ಸಿಬ್ಬಂದಿಯ ಕೈಗೆ ಬರುವ ತುರಿಕೆ, ಬಿರುಕು, ಗಂದೆಗಳಲ್ಲಿ ಬಹುಪಾಲು ಅವರ ಮೈಯ ಗುಣದಿಂದ ಬಂದದ್ದಲ್ಲ, ಆಸ್ಪತ್ರೆಯ ಖರೀದಿ ಪಟ್ಟಿಯಿಂದ ಬಂದದ್ದು ಎಂಬುದು ಈ ಲೇಖನದ ವಾದ. ಯಾವ ಗ್ಲೌಸ್, ಯಾವ ಸೋಪು, ಯಾವ ಸೋಂಕುನಿವಾರಕ ಎಂದು ಸ್ಟೋರ್ಸ್ ವಿಭಾಗದಲ್ಲಿ ಆಗುವ ತೀರ್ಮಾನ ವಾರ್ಡಿನಲ್ಲಿ ಚರ್ಮದ ಮೇಲೆ ಮೂಡುತ್ತದೆ. ಹಾಗಾಗಿ ಅದನ್ನು ತಡೆಯುವ ಕೆಲಸವೂ ಚರ್ಮದ ಡಾಕ್ಟರ ಬಳಿಯಲ್ಲ, ಸ್ಟೋರ್ಸಿನಲ್ಲಿ ಶುರುವಾಗಬೇಕು.

ಈ ಕಾಯಿಲೆಯಲ್ಲಿ ಎರಡು ಬಗೆ. ಜನ ಎರಡನ್ನೂ ಅಲರ್ಜಿ ಎಂದೇ ಕರೆದರೂ ಹೆಚ್ಚಾಗಿ ಕಾಣುವ ಮೊದಲನೆಯದು ಅಲರ್ಜಿಯೇ ಅಲ್ಲ. ಕೆಲಸದಿಂದ ಬರುವ ಚರ್ಮದ ಉರಿಯೂತದಲ್ಲಿ ಸುಮಾರು ಶೇ 80ರಷ್ಟು ಬರೀ ಸವೆತ. ನೀರು, ಸೋಪು, ಒರೆಸುವ ಒರಟು ಕಾಗದ, ಬೆವರು ತುಂಬಿದ ಗ್ಲೌಸು ಸೇರಿ ಚರ್ಮದ ಮೇಲ್ಪದರದ ಜಿಡ್ಡನ್ನು ತೊಳೆದು ಹಾಕುತ್ತವೆ. ಗಾರೆ ಉದುರಿದ ಗೋಡೆಯ ಹಾಗೆ ಚರ್ಮ ಬಿರುಕು ಬಿಡುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಲ್ಲೋ ಗ್ಲೌಸಿನೊಳಗೋ ಇದ್ದರೆ, ಇಲ್ಲವೇ ಇಪ್ಪತ್ತಕ್ಕೂ ಹೆಚ್ಚು ಸಲ ಕೈ ತೊಳೆಯಬೇಕಾದರೆ ಅದನ್ನು ಅಪಾಯದ ‘ಒದ್ದೆ ಕೆಲಸ’ ಎಂದು ಜರ್ಮನಿಯ ನಿಯಮ ಎಣಿಸುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಸೂಜಿ ಚುಚ್ಚುವ ಮುಂಚೆ ಎಂದೆಲ್ಲ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ಹೇಳಿದೆ. ಹತ್ತು ಹಾಸಿಗೆ ನೋಡಿಕೊಳ್ಳುವ ಸಿಸ್ಟರ್ ಈ ನಿಯಮ ಪಾಲಿಸಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಇಪ್ಪತ್ತು ದಾಟುತ್ತದೆ. ಅಂದರೆ ಚೆನ್ನಾಗಿ ಕೆಲಸ ಮಾಡಿದಷ್ಟೂ ಕೈ ಕೆಡುತ್ತದೆ.

ಎರಡನೆಯದು ನಿಜವಾದ ಅಲರ್ಜಿ. ಇದನ್ನು ಅರಿಯಲು ಕನ್ನಡನಾಡಿನವರಿಗೆ ದೂರದ ಉದಾಹರಣೆ ಬೇಕಿಲ್ಲ, ಕಾಂಗ್ರೆಸ್ ಗಿಡ ಸಾಕು. ವರ್ಷಗಟ್ಟಲೆ ಅದನ್ನು ಕಿತ್ತು ಬದುವಿಗೆ ಎಸೆದ ರೈತನಿಗೆ ಏನೂ ಆಗಿರುವುದಿಲ್ಲ. ಒಂದು ಬೇಸಿಗೆಯಲ್ಲಿ ಮುಖ, ಕತ್ತು, ಮೊಣಕೈ ಮಡಿಕೆಗಳು ಕೆಂಪೇರಿ ನವೆ ಹತ್ತುತ್ತವೆ. ಆಮೇಲೆ ಗಿಡದ ಧೂಳು ಸೋಕಿದರೂ ಸಾಕು, ಮತ್ತೆ ಬರುತ್ತದೆ. ಒಮ್ಮೆ ಮೈ ಒಂದು ವಸ್ತುವನ್ನು ವೈರಿಯೆಂದು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ‘ಹತ್ತು ವರ್ಷದಿಂದ ಇದೇ ಗ್ಲೌಸ್ ಹಾಕ್ತಿದ್ದೀನಿ, ಈಗ್ಯಾಕೆ ಅಲರ್ಜಿ ಬರುತ್ತೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಹತ್ತು ವರ್ಷ ಹಾಕಿದ್ದಕ್ಕೇ ಬಂದಿರಬಹುದು. ಆ ಕಳೆ ನಮ್ಮಲ್ಲಿ ಸಾರ್ವಜನಿಕ ಪ್ರಶ್ನೆಯಾದ ಬಗೆಯನ್ನೂ ನೆನೆಯಬೇಕು. ಸೋಲದೇವನಹಳ್ಳಿಗೆ ಹತ್ತಿರವೇ ಇರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಆ ಗಿಡವನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ತರಿಸಿ ಬೆಂಗಳೂರಿನ ಸುತ್ತ ಬಿಟ್ಟರು. ಮೈ ತುರಿಸಿದವರಿಗೆ ‘ನಿನ್ನ ಮೈ ಸರಿಯಿಲ್ಲ’ ಎಂದು ಹೇಳಿ ಕೂರದೆ ಗಿಡವನ್ನು ತೆಗೆಯಲು ಹೊರಟೆವು. ಆಸ್ಪತ್ರೆಯ ಅಲರ್ಜಿಯ ವಿಷಯದಲ್ಲಿ ಆಗಬೇಕಾದದ್ದೂ ಇಷ್ಟೇ.

ಹಾಗಾದರೆ ಆಸ್ಪತ್ರೆಯ ‘ಗಿಡ’ ಯಾವುದು? ಗ್ಲೌಸಿನಿಂದಲೇ ಹೊರಡೋಣ, ಏಕೆಂದರೆ ಅದರ ಹುಟ್ಟೇ ಈ ಕಾಯಿಲೆಯಿಂದ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಹೊತ್ತಿಗೆ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಅವರ ಆಪರೇಷನ್ ಕೋಣೆಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗೆ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಚರ್ಮ ಕೆಟ್ಟಿತು. ಆಕೆ ಕೆಲಸ ಬಿಡುವ ಸ್ಥಿತಿಗೆ ಬಂದಾಗ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. ಗ್ಲೌಸ್ ಹಾಕಿದರೆ ರೋಗಿಯ ಸೋಂಕೂ ಇಳಿಯುತ್ತದೆ ಎಂದು ಅದೇ ಆಸ್ಪತ್ರೆಯ ಜೋಸೆಫ್ ಬ್ಲಡ್‌ಗುಡ್ ಲೆಕ್ಕ ಸಹಿತ ತೋರಿಸಿದ್ದು ಆ ದಶಕದ ಕೊನೆಗೆ. ರೋಗಿಯ ಲಾಭ ಎರಡನೆಯದಾಗಿ ಬಂತು. ಮೊದಲ ಉದ್ದೇಶ ಒಬ್ಬ ನರ್ಸಿನ ಕೈ ಉಳಿಸುವುದಾಗಿತ್ತು.

ಒಂದು ಶತಮಾನ ಕಳೆಯುವಷ್ಟರಲ್ಲಿ ಕೈ ಕಾಯಲು ಬಂದ ಗ್ಲೌಸೇ ಕೈಯನ್ನು ಕೆಡಿಸತೊಡಗಿತು. ಏಡ್ಸ್ ಭೀತಿಯ ನಡುವೆ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಯಾವ ರೋಗಿಯ ರಕ್ತವನ್ನೂ ಸೋಂಕಿತ ಎಂದೇ ಎಣಿಸಿ ಗ್ಲೌಸ್ ಹಾಕಿ ಎಂದಿತು. ಜಗತ್ತಿನೆಲ್ಲೆಡೆ ಬಳಕೆ ಒಮ್ಮೆಲೇ ಏರಿತು. ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನು ಗ್ಲೌಸಿನಲ್ಲೂ ಉಳಿಯುತ್ತದೆ. ಸುಲಭವಾಗಿ ಹಾಕಿಕೊಳ್ಳಲೆಂದು ಒಳಗೆ ಹಚ್ಚುವ ಜೋಳದ ಪಿಷ್ಟದ ಪುಡಿ ಆ ಪ್ರೋಟೀನನ್ನು ಹೊತ್ತು ಗಾಳಿಗೆ ಹಾರುತ್ತದೆ. ಅಲರ್ಜಿ ಇರುವವರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಗಂದೆ, ಕಣ್ಣುರಿ, ಸೀನು ಶುರುವಾಗಬಹುದು. ಕೆಲವರಿಗೆ ಉಬ್ಬಸ, ಅಪರೂಪಕ್ಕೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವೂ ಆಗುತ್ತದೆ. ಬಾಳೆಹಣ್ಣು, ಬೆಣ್ಣೆಹಣ್ಣು, ಪಪ್ಪಾಯಿ ತಿಂದಾಗ ಬಾಯಿ ತುರಿಸುವುದು ಇಂಥವರಲ್ಲಿ ಕೆಲವರಿಗೆ ಸಿಗುವ ಮುನ್ಸೂಚನೆ, ಏಕೆಂದರೆ ಆ ಹಣ್ಣುಗಳ ಪ್ರೋಟೀನಿಗೂ ರಬ್ಬರ್ ಹಾಲಿನ ಪ್ರೋಟೀನಿಗೂ ಹೋಲಿಕೆಯಿದೆ. ನಿತ್ಯ ಲೇಟೆಕ್ಸ್ ಮುಟ್ಟುವ ಆರೋಗ್ಯ ಸಿಬ್ಬಂದಿಯಲ್ಲಿ ಶೇ 8ರಿಂದ 12ರಷ್ಟು ಮಂದಿಯ ಮೈ ಅದಕ್ಕೆ ತಿರುಗಿಬಿದ್ದಿದೆ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1997ರಲ್ಲಿ ಎಚ್ಚರಿಸಿತು.

ನನ್ನ ವಾದಕ್ಕೆ ಬಲ ಕೊಡುವುದು ಮುಂದೆ ನಡೆದದ್ದು. ಜರ್ಮನಿ 1998ರ ಹೊತ್ತಿಗೆ ಪುಡಿ ಹಾಕಿದ ಲೇಟೆಕ್ಸ್ ಗ್ಲೌಸನ್ನು ಕೈಬಿಟ್ಟು, ಪ್ರೋಟೀನು ಕಡಿಮೆಯಿರುವ, ಪುಡಿಯಿಲ್ಲದ ಗ್ಲೌಸಿಗೆ ಹೊರಳಿತು. ಯಾರ ಮೈಯೂ ಬದಲಾಗಲಿಲ್ಲ, ಯಾರಿಗೂ ಹೊಸ ಔಷಧ ಕೊಡಲಿಲ್ಲ. ಕೊಳ್ಳುವ ಪೆಟ್ಟಿಗೆಯಷ್ಟೇ ಬದಲಾಯಿತು. ಕೆಲವೇ ವರ್ಷಗಳಲ್ಲಿ ಹೊಸ ಲೇಟೆಕ್ಸ್ ಅಲರ್ಜಿಯ ಪ್ರಕರಣಗಳು ಭಾರಿ ಪ್ರಮಾಣದಲ್ಲಿ ಇಳಿದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಪುಡಿ ಗ್ಲೌಸನ್ನು ನಿಷೇಧಿಸಿತು. 2017ರ ಜನವರಿಯಿಂದ ಅದು ಜಾರಿಗೆ ಬಂತು. ನಮ್ಮ ಸರ್ಜಿಕಲ್ ಅಂಗಡಿಗಳಲ್ಲಿ ಪುಡಿ ಹಾಕಿದ ಗ್ಲೌಸು ಇಂದಿಗೂ ಸಿಗುತ್ತದೆ. ಕಾಯಿಲೆ ಮೈಯ ದೋಷದಿಂದ ಬಂದದ್ದೇ ಆಗಿದ್ದರೆ ಬರೀ ಟೆಂಡರ್ ಷರತ್ತು ಬದಲಿಸಿದ್ದಕ್ಕೆ ಅದು ಇಳಿಯಬಾರದಿತ್ತು.

ನೈಟ್ರೈಲ್ ಗ್ಲೌಸ್ ತಂದರೆ ಎಲ್ಲ ಮುಗಿಯಿತು ಎಂದೂ ತಿಳಿಯಬಾರದು. ಅದರಲ್ಲಿ ಮರದ ಹಾಲಿಲ್ಲ, ನಿಜ. ಆದರೆ ರಬ್ಬರನ್ನು ಹದಗೊಳಿಸಲು ಬೆರೆಸುವ ಥೈಯುರಾಂ, ಕಾರ್ಬಮೇಟ್‌ನಂಥ ರಾಸಾಯನಿಕಗಳು ಲೇಟೆಕ್ಸಿನಲ್ಲೂ ನೈಟ್ರೈಲಿನಲ್ಲೂ ಇರಬಹುದು. ಇವುಗಳ ಅಲರ್ಜಿ ಕಾಂಗ್ರೆಸ್ ಗಿಡದ ಜಾತಿಯದು. ಮುಟ್ಟಿದ ಒಂದೆರಡು ದಿನದ ಮೇಲೆ ಇಸಬಾಗಿ ಏಳುತ್ತದೆ, ಮಣಿಕಟ್ಟಿನಲ್ಲಿ ಗ್ಲೌಸಿನ ಅಂಚಿನ ಗೆರೆಯಂತೆಯೇ ನಿಲ್ಲುತ್ತದೆ. ಇದರ ಜೊತೆಗೆ ಸ್ಕೋಪುಗಳನ್ನು ಅದ್ದಿಡುವ ಗ್ಲುಟರಾಲ್ಡಿಹೈಡ್, ಲ್ಯಾಬಿನ ಫಾರ್ಮಲಿನ್, ಕೈ ತೊಳೆಯುವ ಕ್ಲೋರ್‌ಹೆಕ್ಸಿಡಿನ್, ನೆಲ ಒರೆಸುವ ಬೆಂಜಾಲ್ಕೋನಿಯಂ, ದ್ರವಸೋಪಿನಲ್ಲಿ ಬೆರೆಸುವ ಸಂರಕ್ಷಕಗಳು ಇವೆ. ಅಂಥದೊಂದು ಸಂರಕ್ಷಕವಾದ ಮಿಥೈಲ್‌ಐಸೊಥಯಜೊಲಿನೋನ್ ಅನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಹೈಪೊಕ್ಲೋರೈಟ್ ಬಕೆಟ್ಟಿನಲ್ಲಿ ಬರಿಗೈ ಅದ್ದುವ ಆಯಾ, ಬಯೊಮೆಡಿಕಲ್ ತ್ಯಾಜ್ಯದ ಚೀಲ ಕಟ್ಟುವ ಹೌಸ್‌ಕೀಪಿಂಗ್ ಕೆಲಸಗಾರ ಇವರ ಕೈಯಂತೂ ಯಾವ ಅಂಕಿ ಅಂಶಕ್ಕೂ ಸಿಗುವುದಿಲ್ಲ. ಹೆಚ್ಚಿನವರು ಗುತ್ತಿಗೆಯವರು.

ಇನ್ನು ನೀರು. 1890ರ ದಶಕದಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಹೆಸರಘಟ್ಟ ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು ಬಂದು, ಇಲ್ಲಿನ ಹಬೆಯಂತ್ರಗಳಿಂದ ಬೆಂಗಳೂರಿಗೆ ಏರುತ್ತಿತ್ತು. ನಗರಕ್ಕೆ ಕೊಳಾಯಿ ನೀರಿನ ರುಚಿ ಹತ್ತಿಸಿದ ಊರು ಇದು. ಇಂದು ಇದೇ ಹೊರವಲಯ ಬಹುಮಟ್ಟಿಗೆ ಕೊಳವೆಬಾವಿ, ಟ್ಯಾಂಕರನ್ನು ನೆಚ್ಚಿದೆ. ಆಳದ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆಯಾಗದೆ ಚರ್ಮದ ಮೇಲೆ ಹೆಚ್ಚು ಉಳಿಯುತ್ತದೆ, ಉಳಿದ ಸೋಪು ಉರಿ ತರುತ್ತದೆ. ಒಂದೇ ಸೋಪು ಒಂದು ಆಸ್ಪತ್ರೆಯಲ್ಲಿ ಸುಮ್ಮನಿದ್ದು ಇನ್ನೊಂದರಲ್ಲಿ ಕೈ ಒಡೆಸಲು ಇದೂ ಕಾರಣವಾದೀತು. ನೀರಿನ ಗಡಸುತನ ಅಳೆಯಲು ದೊಡ್ಡ ಪ್ರಯೋಗಾಲಯವೂ ಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು: ‘ಕೈಯ ಚರ್ಮ ನೋಡಿಕೊಂಡು ಕೂತರೆ ರೋಗಿಯ ಗತಿಯೇನು? ಶುಚಿತ್ವದಲ್ಲಿ ರಾಜಿ ಸಲ್ಲದು.’ 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿದ ಮೇಲೆ ಇದರಲ್ಲಿ ಎರಡನೇ ಮಾತಿಲ್ಲ. ಆದರೆ ಈ ಆಕ್ಷೇಪ ಚರ್ಮವನ್ನೂ ಶುಚಿಯನ್ನೂ ಎದುರಾಳಿಗಳಾಗಿ ನಿಲ್ಲಿಸುತ್ತದೆ. ಅಲ್ಲೇ ಅದು ಸೋಲುತ್ತದೆ. ಬಿರಿದ ಚರ್ಮದಲ್ಲಿ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಹೆಚ್ಚು ನೆಲೆಸುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಉರಿಯುವ ಕೈಯವರು ತೊಳೆಯುವುದನ್ನೇ ತಪ್ಪಿಸುತ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇಲ್ಲಿ ಸೇರಿಕೊಂಡಿದೆ. ಒಡೆದ ಕೈಗೆ ಸ್ಯಾನಿಟೈಸರ್ ಹಾಕಿದರೆ ಚುರುಚುರು ಎನ್ನುತ್ತದೆ. ಹಾಗಾಗಿ ಅದೇ ಅಪರಾಧಿ ಎಂದು ಸೋಪಿಗೆ ಮರಳುತ್ತಾರೆ. ಗ್ಲಿಸರಿನ್ ಬೆರೆಸಿದ ಆಲ್ಕೊಹಾಲ್ ದ್ರಾವಣ ಸೋಪಿಗಿಂತ ಚರ್ಮಕ್ಕೆ ಮೃದು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಶೇ 1.45ರಷ್ಟು ಗ್ಲಿಸರಾಲ್ ಇರುವುದು ಕೈಯ ಸಲುವಾಗಿ. ಕಣ್ಣಿಗೆ ಕಾಣುವ ಕೊಳೆಯಿದ್ದಾಗ ಸೋಪು, ಉಳಿದ ಹೆಚ್ಚಿನ ಸಂದರ್ಭಗಳಲ್ಲಿ ಈ ದ್ರಾವಣ ಎಂಬ ನಿಯಮ ರೋಗಿಗೂ ಒಳ್ಳೆಯದು, ಕೈಗೂ ಒಳ್ಳೆಯದು.

ಎರಡನೇ ಆಕ್ಷೇಪ: ಒಂದೇ ವಾರ್ಡಿನಲ್ಲಿ ಹತ್ತು ಮಂದಿ ದುಡಿದರೂ ಇಬ್ಬರಿಗೇ ಬರುವುದಾದರೆ ಮೈಯ ಗುಣವೇ ಕಾರಣವಲ್ಲವೇ? ಬಾಲ್ಯದಲ್ಲಿ ಇಸಬು ಇದ್ದವರಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಒಡ್ಡಿಕೊಳ್ಳುವಿಕೆ ಏರಿದಾಗ ಈ ವ್ಯತ್ಯಾಸ ಕರಗುತ್ತದೆ ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರಲ್ಲಿ ಚೀನಾದ ಹುಬೈ ಪ್ರಾಂತ್ಯದಲ್ಲಿ ಕೋವಿಡ್ ರೋಗಿಗಳನ್ನು ನೋಡಿಕೊಂಡ 542 ಸಿಬ್ಬಂದಿಯನ್ನು ವಿಚಾರಿಸಿದಾಗ 526 ಮಂದಿ, ಅಂದರೆ ಶೇ 97ರಷ್ಟು ಜನ, ಮುಖದಲ್ಲೋ ಕೈಯಲ್ಲೋ ಚರ್ಮ ಕೆಟ್ಟಿತೆಂದರು. ನೂರಕ್ಕೆ ತೊಂಬತ್ತೇಳು ಮಂದಿ ‘ಸೂಕ್ಷ್ಮ ಮೈ’ಯವರು ಆಗಿರಲಾರರು. ಇದಕ್ಕೆ ಜೋಡಿಯಾಗಿ ಬರುವ ಮಾತೆಂದರೆ ಮನೆಯಲ್ಲಿ ಪಾತ್ರೆ ತೊಳೆಯುವುದು, ಬೆಳ್ಳುಳ್ಳಿ ಸುಲಿಯುವುದೇ ಇದಕ್ಕೆಲ್ಲ ಕಾರಣ ಎಂಬುದು. ಮನೆಗೆಲಸ ಗಾಯವನ್ನು ಕೆದಕುತ್ತದೆ, ಒಪ್ಪೋಣ. ಆದರೆ ರಜೆಯಲ್ಲಿ ಊರಿಗೆ ಹೋದಾಗ ಕೈ ವಾಸಿಯಾಗಿ, ಡ್ಯೂಟಿಗೆ ಮರಳಿದ ವಾರದಲ್ಲೇ ಮತ್ತೆ ಒಡೆದರೆ ಕಾರಣ ಎಲ್ಲಿದೆ ಎಂದು ಊಹಿಸುವುದು ಕಷ್ಟವಲ್ಲ. ಯಾವ ವಸ್ತು ಎಂದು ಖಚಿತಪಡಿಸಲು ಪ್ಯಾಚ್ ಟೆಸ್ಟ್ ಇದೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಎರಡು ದಿನ ಅಂಟಿಸಿಟ್ಟು, ತೆಗೆದ ಮೇಲೂ ಒಂದೆರಡು ದಿನ ಚರ್ಮವನ್ನು ಗಮನಿಸುವ ಈ ವಿಧಾನ ಯಾಡಾಸ್ಸೊನ್ ಎಂಬ ಚರ್ಮತಜ್ಞರ ಕಾಲದಿಂದ, ಅಂದರೆ ಸೋಲದೇವನಹಳ್ಳಿಯ ಹಬೆಯಂತ್ರಗಳ ದಶಕದಿಂದಲೇ ಇದೆ. ನಮ್ಮ ದೇಶಕ್ಕೆ ಹೊಂದುವ ‘ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್’ ಎಂಬ ಪರೀಕ್ಷಾ ಕಿಟ್ಟೂ ಸಿಗುತ್ತದೆ. ಪರೀಕ್ಷೆ ಇಲ್ಲದೆ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಕ್ರೀಮು ತಿಂಗಳುಗಟ್ಟಲೆ ಹಚ್ಚಿದರೆ ಕಾರಣ ಅಡಗುತ್ತದೆ, ಚರ್ಮ ತೆಳುವಾಗುತ್ತದೆ.

ಮೂರನೆಯದು ಖರ್ಚಿನ ಮಾತು. ಪುಡಿಯಿಲ್ಲದ ಗ್ಲೌಸು, ನೈಟ್ರೈಲು, ಮಾಯಿಶ್ಚರೈಸರ್ ಎಂದು ಸಣ್ಣ ನರ್ಸಿಂಗ್ ಹೋಂ ಎಲ್ಲಿಂದ ತರಬೇಕು? ಗ್ಲೌಸಿನ ಬಿಲ್ಲಿನ ವ್ಯತ್ಯಾಸ ಕಾಣುತ್ತದೆ. ಅನುಭವಿ ನರ್ಸ್ ರಜೆ ಹಾಕಿದ್ದು, ಕೆಲಸ ಬಿಟ್ಟದ್ದು, ಹೊಸಬರಿಗೆ ಕಲಿಸಿದ್ದು ಆ ಬಿಲ್ಲಿನಲ್ಲಿ ಕಾಣುವುದಿಲ್ಲ. ಮೇಲಾಗಿ ಬಹಳಷ್ಟು ಉಪಾಯಗಳಿಗೆ ಖರ್ಚೇ ಇಲ್ಲ. ಊಟ ಬಡಿಸಲು, ಬಿ.ಪಿ. ನೋಡಲು, ಫೈಲು ಬರೆಯಲು ಗ್ಲೌಸ್ ಬೇಡ ಎಂದರೆ ಬಳಕೆಯೇ ಇಳಿಯುತ್ತದೆ. ಒದ್ದೆ ಕೈಗೆ ಗ್ಲೌಸ್ ಏರಿಸಬಾರದು. ಕೈಯನ್ನು ಉಜ್ಜದೆ ಒತ್ತಿ ಒರೆಸಬೇಕು. ಬಕೆಟ್ಟಿನ ಕೆಲಸಕ್ಕೆ ದಪ್ಪ ಗ್ಲೌಸ್, ಒಳಗೆ ಹತ್ತಿಯದೊಂದು. ಡ್ಯೂಟಿ ಮುಗಿದ ಮೇಲೆ ಎಣ್ಣೆಯೋ ಮುಲಾಮೋ. ಡ್ಯೂಟಿಯ ನಡುವೆ ಬೇಡ, ಜಿಡ್ಡು ಲೇಟೆಕ್ಸನ್ನು ದುರ್ಬಲಗೊಳಿಸುತ್ತದೆ.

ಕಾನೂನಿನಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಭೌತಿಕ, ರಾಸಾಯನಿಕ ಅಥವಾ ಜೈವಿಕ ಕಾರಣದಿಂದ ಬರುವ ಚರ್ಮರೋಗಗಳು ಔದ್ಯೋಗಿಕ ರೋಗಗಳ ಸಾಲಿನಲ್ಲಿದ್ದವು. ಅದೇ ಮಾಲೀಕನ ಬಳಿ ಸತತ ಆರು ತಿಂಗಳು ದುಡಿದಿರಬೇಕೆಂಬುದು ಷರತ್ತಾಗಿತ್ತು. ಏಜೆನ್ಸಿ ಬದಲಾಗುತ್ತಲೇ ಇರುವ ಗುತ್ತಿಗೆ ಕೆಲಸಗಾರರಿಗೆ ಆ ಲೆಕ್ಕ ಹಿಡಿಯುವುದೇ ಕಷ್ಟವಾಗಿತ್ತು. ನರ್ಸಿಂಗ್ ವಿದ್ಯಾರ್ಥಿನಿಯಂತೂ ನೌಕರಳೇ ಅಲ್ಲ, ಅವಳಿಗೆ ಈ ಬಾಗಿಲು ಇರಲೇ ಇಲ್ಲ. ಆದರೆ ಈ ಇಸಬು ಹೆಚ್ಚಾಗಿ ತಲೆ ಎತ್ತುವುದು ತರಬೇತಿಯ ಮೊದಲ ವರ್ಷಗಳಲ್ಲೇ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಕಾರ್ಖಾನೆ ಗೇಟಿನಾಚೆಗೂ ನೋಡುತ್ತದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ‘ಸಂಸ್ಥೆ’ಗಳನ್ನು ತನ್ನ ವ್ಯಾಪ್ತಿಗೆ ತರುತ್ತದೆ. ಪೀಣ್ಯದ ಕೈಗೆ ಸಿಕ್ಕ ಹೆಸರು ಹೆಸರಘಟ್ಟ ರಸ್ತೆಯ ಕೈಗೂ ಸಿಗಲು ಅಲ್ಲಿ ಅವಕಾಶವಿದೆ. ಅದಕ್ಕೆ ಬೇಕಾದದ್ದು ದಾಖಲೆ, ಇಲ್ಲದಿರುವುದೂ ಅದೇ. ಹೇಳಿದರೆ ಕೆಲಸ ಹೋದೀತೆಂದು ಸಿಬ್ಬಂದಿ ಕೈ ಮುಚ್ಚಿಕೊಳ್ಳುತ್ತಾರೆ, ಯಾರೂ ದೂರಿಲ್ಲವೆಂದು ಆಡಳಿತ ಸುಮ್ಮನಿರುತ್ತದೆ. ಹಾಗಾಗಿ ಕೈ ತೋರಿಸಿದವರ ಕೆಲಸ ಹೋಗುವುದಿಲ್ಲ, ಗ್ಲೌಸ್ ಬದಲಾಗುತ್ತದೆ ಎಂಬ ಲಿಖಿತ ಭರವಸೆಯೇ ಮೊದಲ ಹೆಜ್ಜೆ.

ಸೋಲದೇವನಹಳ್ಳಿ ಸುತ್ತಿನ ನರ್ಸಿಂಗ್ ಕಾಲೇಜುಗಳು, ಆಸ್ಪತ್ರೆಗಳು ಸರ್ಕಾರದ ಸುತ್ತೋಲೆಗೆ ಕಾಯದೆ ಇದನ್ನು ಈ ವರ್ಷವೇ ಆರಂಭಿಸಬಹುದು. ಮುಂದಿನ ಟೆಂಡರಿನಲ್ಲಿ ‘ಪುಡಿಯಿಲ್ಲದ’ ಎಂಬ ಒಂದು ಪದ ಸೇರಿಸಿ. ಮೊದಲ ವರ್ಷದ ವಿದ್ಯಾರ್ಥಿನಿ ವಾರ್ಡಿಗೆ ಕಾಲಿಡುವ ದಿನ ಅವಳ ಎರಡೂ ಕೈ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ಮತ್ತೆ ನೋಡಿ, ಮತ್ತೆ ಬರೆಯಿರಿ.